ಮಡಿಸುವ ಕೂಸಿನ ಗಾಡಿ



ಭಾರವನ್ನು ಹೊತ್ತು ನಡೆಯುವುದಕ್ಕಿಂತ ಉರುಳಿಸಿಕೊಂಡು ನಡೆಯುವುದು ಸುಲಭವೆಂಬುದನ್ನು ಮನುಷ್ಯನು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡನು. ಅಂದಿನಿಂದ ಧಾನ್ಯಕ್ಕೆ ಬಂಡಿಯಾಯಿತು, ಅರಸನಿಗೆ ರಥವಾಯಿತು, ದೇವರಿಗೆ ತೇರಾಯಿತು. ಆದರೆ ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸಬೇಕಾದ ಮನೆಯ ಕೂಸಿಗೆ ಮಾತ್ರ ಬಹುಕಾಲದವರೆಗೆ ತಾಯಿಯ ಸೊಂಟವೇ ವಾಹನವಾಗಿ ಉಳಿಯಿತು. ಈ ಸೊಂಟದ ವಾಹನವು ಬೆಚ್ಚನೆಯದು, ನಂಬಿಕೆಯದು, ಯಾವ ಓಣಿಯಲ್ಲಿಯೂ ನುಸುಳಬಲ್ಲದು. ಆದರೆ ಅದಕ್ಕೂ ದಣಿವೆಂಬುದುಂಟು. ಆ ದಣಿವನ್ನು ಕಡಮೆ ಮಾಡುವುದಕ್ಕೆ ಹುಟ್ಟಿದ ಒಂದು ಸಣ್ಣ ಯಂತ್ರದ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ. ಬೆಳಗಾವಿಯ ಕಡೆಯ ಮನೆಗಳಲ್ಲಿ ಅದನ್ನು ಬಾಬಾಗಾಡಿಯೆಂದು ಕರೆಯುವುದುಂಟು. ನಾವು ಕೂಸಿನ ಗಾಡಿಯೆನ್ನೋಣ.

ಇದೇನು, ಆಟಿಕೆಯ ಅಂಗಡಿಯ ವಿಷಯವೆಂದು ಯಾರೂ ತಾತ್ಸಾರ ಮಾಡಬಾರದು. ಕೂಸಿರುವ ಹೆಂಗಸು ಮನೆಯಿಂದ ಎಷ್ಟು ದೂರ ಹೋಗಬಲ್ಲಳು, ಎಷ್ಟು ಹೊತ್ತು ಹೊರಗಿರಬಲ್ಲಳು, ಮತ್ತೊಬ್ಬರ ನೆರವಿಲ್ಲದೆ ಸಂತೆಗೆ, ಆಸ್ಪತ್ರೆಗೆ, ತೌರಿಗೆ ಹೋಗಿ ಬರಬಲ್ಲಳೇ ಎಂಬುದು ಬಹುಮಟ್ಟಿಗೆ ಅವಳ ತೋಳಿನ ಬಲದ ಮೇಲೆ ನಿಂತಿರುತ್ತದೆ. ಆ ಬಲಕ್ಕೆ ಬೆಂಬಲವಾಗತಕ್ಕ ಸಾಧನವು ಚೆನ್ನಾಗಿದ್ದರೆ ಅವಳ ಪ್ರಪಂಚವು ಅಷ್ಟರಮಟ್ಟಿಗೆ ದೊಡ್ಡದಾಗುತ್ತದೆ. ಕೆಟ್ಟದಾಗಿದ್ದರೆ ಅದೇ ಒಂದು ಹೊರೆಯಾಗುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಒಂದು ಸಣ್ಣ ಪ್ರಯಾಣದಿಂದ ಕಲಿತೆವು.

ಒಂದು ಮಳೆಗಾಲದಲ್ಲಿ ಮಗಳನ್ನೂ ಎಂಟು ತಿಂಗಳ ಮೊಮ್ಮಗಳನ್ನೂ ಕರೆದುಕೊಂಡು ನಾವು ದಂಪತಿಗಳು ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರಕ್ಕೆ ಹೊರಟೆವು. ದೂರವೇನೂ ಇಲ್ಲ, ಗೋವೆಯ ದಾರಿಯಲ್ಲಿ ಸುಮಾರು 25 ಕಿಲೋಮೀಟರು. ಕೂಸಿಗೆಂದು ಹೊಸದಾಗಿ ಕೊಂಡ ಮಡಿಸುವ ಗಾಡಿಯೂ ಜೊತೆಯಲ್ಲಿತ್ತು. ಮನೆಯ ಮೆಟ್ಟಿಲನ್ನು ಇಳಿಯುವಾಗಲೇ ಅದನ್ನು ಒಬ್ಬರು ಹೊರಬೇಕಾಯಿತು. ಆಟೋರಿಕ್ಷಾದಲ್ಲಿ ಅದು ನಮ್ಮ ಮೊಣಕಾಲುಗಳ ಮೇಲೆ ಅಡ್ಡಲಾಗಿ ಕುಳಿತಿತು. ಬಸ್ ನಿಲ್ದಾಣದಲ್ಲಿ ಅದನ್ನು ಬಿಡಿಸಿ ಕೂಸನ್ನು ಕೂರಿಸಿದೆವು; ಅಷ್ಟರಲ್ಲಿ ಖಾನಾಪುರದ ಬಸ್ಸು ಬಂದಿತು. ನಾವು ಹಿರಿಯರಿಬ್ಬರೂ ಚೀಲಗಳನ್ನು ಹಿಡಿದು ಸ್ಥಳವನ್ನು ಮಾಡಲು ಒಳಗೆ ಹತ್ತಿಬಿಟ್ಟಿದ್ದೆವು. ಕೆಳಗೆ ಉಳಿದ ಮಗಳು ಗಾಡಿಯನ್ನು ಮಡಿಸಬೇಕು. ಅದನ್ನು ಮಡಿಸುವುದಕ್ಕೆ ಎರಡು ಕೈಗಳೂ ಒಂದು ಕಾಲೂ ಬೇಕು. ಅವಳ ಒಂದು ಕೈ ಕೂಸಿಗೆ ಮೀಸಲು. ಕಂಡಕ್ಟರನು ಸೀಟಿ ಊದಿದನು, ಹಿಂದಿನವರು ಅವಸರಿಸಿದರು. ಕಟ್ಟಕಡೆಗೆ ಅವಳು ಪಕ್ಕದಲ್ಲಿ ನಿಂತಿದ್ದ, ಹೆಸರು ಊರು ತಿಳಿಯದ ಒಬ್ಬ ಹೆಂಗಸಿನ ಕೈಗೆ ಕೂಸನ್ನು ಕೊಟ್ಟು ಗಾಡಿಯೊಂದಿಗೆ ಸೆಣಸಾಡಿದಳು. ಆ ತಾಯಿಯು ಸಜ್ಜನಳು; ಕೂಸನ್ನು ನಗಿಸುತ್ತಲೇ ಒಳಗೆ ತಂದುಕೊಟ್ಟಳು. ಆದರೂ ಮಗಳ ಮುಖದ ಮೇಲೆ ಆ ಅರ್ಧ ನಿಮಿಷ ಕಂಡ ಕಳವಳವನ್ನು ನಾವು ಇಂದಿಗೂ ಮರೆತಿಲ್ಲ.

ಖಾನಾಪುರದಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ನೆಂಟರ ಮನೆಯ ದಾರಿಯ ಕೆಂಪು ಮಣ್ಣು ನೆನೆದು ಅಂಟಾಗಿತ್ತು. ಗಾಡಿಯ ಅಂಗೈಯಗಲದ ಗಾಲಿಗಳು ಹತ್ತು ಮಾರು ಹೋಗುವುದರೊಳಗೆ ಕೆಸರಿನಿಂದ ತುಂಬಿ ಕಚ್ಚಿ ನಿಂತವು. ಮಗಳು ಕೂಸನ್ನು ಎತ್ತಿಕೊಂಡಳು. ನಾವು ಗಾಡಿಯನ್ನು ಹೆಗಲಿಗೇರಿಸಿದೆವು. ಆಗ ನಮ್ಮಾಕೆ, “ಗಾಡಿ ಕೂಸಿನ್ನ ಹೊರತೈತಿ ಅಂತ ತಂದ್ವಿ, ಈಗ ನಾವೇ ಗಾಡಿ ಹೊರಾಕ ಹತ್ತೀವಲ್ರೀ,” ಎಂದಳು. ಈ ವಿಷಯದ ಮೇಲೆ ಅದಕ್ಕಿಂತ ಸಮಂಜಸವಾದ ವಿಮರ್ಶೆಯನ್ನು ನಾವು ಕೇಳಿಲ್ಲ.

ಆ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿಕೊಂಡರೆ ಗಾಡಿಯನ್ನು ರಚಿಸತಕ್ಕವನ ಸಮಸ್ಯೆಯು ಸ್ಪಷ್ಟವಾಗುತ್ತದೆ. ಉರುಳುವಾಗ ಅದು ಗಾಡಿಯಾಗಿರಬೇಕು. ಉರುಳದ ಕಡೆಯಲ್ಲಿ ಅದು ಕೊಡೆಯಷ್ಟು ಹಗುರವಾದ ಹೊರೆಯಾಗಬೇಕು. ಬಿಡಿಸಿದಾಗ ಕದಲಬಾರದು, ಮಡಿಸುವಾಗ ಹಟ ಮಾಡಬಾರದು. ಮತ್ತು ಈ ಎರಡು ರೂಪಗಳ ನಡುವಣ ಮಾರ್ಪಾಟನ್ನು ತಾಯಿಯು ಒಂದೇ ಕೈಯಿಂದ ಮಾಡುವಂತಿರಬೇಕು. ಇವು ಒಂದಕ್ಕೊಂದು ವಿರೋಧವಾದ ಬೇಡಿಕೆಗಳು. ಅವುಗಳನ್ನು ಒಂದು ಚೌಕಟ್ಟಿನೊಳಗೆ ಹೇಗೆ ಸಂಧಾನ ಮಾಡಿದರೆಂಬುದೇ ಈ ಯಂತ್ರದ ಕಥೆ.

ಇಂಗ್ಲೆಂಡಿನಲ್ಲಿ 1733ರ ಸುಮಾರಿಗೆ ವಿಲಿಯಂ ಕೆಂಟ್ ಎಂಬ ಉದ್ಯಾನ ಶಿಲ್ಪಿಯು ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನ ಆಕಾರದ ಒಂದು ಪುಟ್ಟ ಗಾಡಿಯನ್ನು ಮಾಡಿಕೊಟ್ಟನು. ಅದನ್ನು ಎಳೆಯಬೇಕಾದದ್ದು ಆಡು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡವರು ಹಿಂದಿನಿಂದ ತಳ್ಳುವ ಗಾಡಿಗಳು ಬಳಕೆಗೆ ಬಂದವು. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬಾತನು, ಕೂಸಿನ ಮುಖವನ್ನು ತಳ್ಳುವವರ ಕಡೆಗಾಗಲಿ ದಾರಿಯ ಕಡೆಗಾಗಲಿ ತಿರುಗಿಸಬಹುದಾದ ಗಾಡಿಗೆ ಪೇಟೆಂಟನ್ನು ಪಡೆದನು. ಇವೆಲ್ಲವೂ ದೊಡ್ಡ ಗಾಲಿಯ, ಭಾರವಾದ, ಮಡಿಸಲಾಗದ ವಾಹನಗಳು. ಅಗಲವಾದ ರಸ್ತೆ, ಮೆಟ್ಟಿಲಿಲ್ಲದ ಬಾಗಿಲು, ತಳ್ಳುವುದಕ್ಕೊಬ್ಬ ಆಯಾ, ನಿಲ್ಲಿಸುವುದಕ್ಕೊಂದು ಪಡಸಾಲೆ, ಇಷ್ಟೂ ಉಳ್ಳವರಿಗೆ ಅವು ಹೇಳಿ ಮಾಡಿಸಿದಂಥವು. ಬೆಳಗಾವಿಯಲ್ಲಿ ಕ್ಯಾಂಪಿನ ಮರಗಳ ನೆರಳಿನ ನೇರವಾದ ರಸ್ತೆಗಳಿಗೆ ಅಂಥ ಗಾಡಿಯು ಒಪ್ಪೀತು. ಗಣಪತಿ ಗಲ್ಲಿಯ ನೂಕುನುಗ್ಗಲಿಗೆ, ಖಡೇ ಬಜಾರದ ಹಬ್ಬದ ಸಂತೆಗೆ ಒಪ್ಪಲಾರದು.

ಮಡಿಸುವ ವಿದ್ಯೆಯು ನಡೆಯಲಾರದ ದೊಡ್ಡವರಿಗೂ ಒದಗಿಬಂದಿತು. ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಗಣಿ ಎಂಜಿನಿಯರನು 1918ರ ಒಂದು ಗಣಿ ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡನು. ಅಂದಿನ ಗಾಲಿಕುರ್ಚಿಯನ್ನು ಮೋಟಾರಿನೊಳಗೆ ಇಡಲು ಬಾರದೆ ಬೇಸತ್ತ ಆತನೂ ಆತನ ಗೆಳೆಯನಾದ ಹ್ಯಾರಿ ಜೆನಿಂಗ್ಸನೂ ಕೂಡಿ 1930ರ ದಶಕದಲ್ಲಿ ಕತ್ತರಿಯಂತೆ ಮಡಿಸುವ ಚೌಕಟ್ಟಿನ ಕುರ್ಚಿಯನ್ನು ರಚಿಸಿದರು. 1937ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಅದೇ 1937ರಲ್ಲಿ ಒಕ್ಲಹೋಮಾ ನಗರದ ಅಂಗಡಿಕಾರನಾದ ಸಿಲ್ವನ್ ಗೋಲ್ಡ್‌ಮನ್ ಎಂಬಾತನು ಮಡಿಸುವ ಕುರ್ಚಿಯೊಂದನ್ನು ನೋಡಿ, ಅದರ ಕಾಲಿಗೆ ಗಾಲಿಯನ್ನೂ ಮೇಲೆ ಬುಟ್ಟಿಯನ್ನೂ ಇಟ್ಟರೆ ಗಿರಾಕಿಗಳು ಹೆಚ್ಚು ಸಾಮಾನನ್ನು ಕೊಳ್ಳುವರೆಂದು ಯೋಚಿಸಿ ಸಾಮಾನಿನ ತಳ್ಳುಗಾಡಿಯನ್ನು ಹೊರಡಿಸಿದನು. ಹೀಗೆ ಒಂದು ಮಡಿಸುವ ಕುರ್ಚಿಯ ತತ್ತ್ವವೇ ರೋಗಿಗೂ ಗಿರಾಕಿಗೂ ಉಪಯೋಗವಾಯಿತು.

ಕೊಡೆಯಂತೆ ಮಡಿಸುವ ಕೂಸಿನ ಗಾಡಿಯ ಸರದಿಯು ಬಂದದ್ದು 1965ರಲ್ಲಿ. ಓವನ್ ಮೆಕ್ಲಾರೆನ್ ಎಂಬ ಇಂಗ್ಲೆಂಡಿನ ವಿಮಾನ ಎಂಜಿನಿಯರನು ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನದ ಗಾಲಿಯ ಕಾಲುಗಳ ರಚನೆಯಲ್ಲಿ ಕೆಲಸ ಮಾಡಿದ್ದವನು. ನೆಲದ ಮೇಲಿರುವಾಗ ಇಡೀ ವಿಮಾನದ ಭಾರವನ್ನು ಹೊರಬೇಕು, ಹಾರುವಾಗ ರೆಕ್ಕೆಯೊಳಗೆ ಮಡಿಸಿ ಮಾಯವಾಗಬೇಕು, ಎಂಬುದೇ ಆ ಕಾಲುಗಳ ಧರ್ಮ. ನಿವೃತ್ತನಾದ ಮೇಲೆ, ಮಾಸ್ಕೋದಿಂದ ಬಂದ ಮಗಳು ಮೊಮ್ಮಗುವಿನ ಭಾರವಾದ ಗಾಡಿಯೊಂದಿಗೆ ವಿಮಾನ ಪ್ರಯಾಣದಲ್ಲಿ ಪಟ್ಟ ಪಾಡನ್ನು ಕಂಡು, ಆತನು ಅದೇ ವಿದ್ಯೆಯನ್ನು ಕೂಸಿನ ಗಾಡಿಗೆ ತಂದನು. ಅಲ್ಯೂಮಿನಿಯಂ ಕೊಳವೆಗಳಿಂದ ಕಟ್ಟಿ ಕೊಡೆಯಂತೆ ಮಡಿಸುವ ಆ ಗಾಡಿಯು 6 ಪೌಂಡು, ಎಂದರೆ ಸುಮಾರು 2.7 ಕಿಲೋಗ್ರಾಂ ತೂಗುತ್ತಿತ್ತು. 1967ರಲ್ಲಿ ಅದು ಮಾರಾಟಕ್ಕೆ ಬಂದಿತು. ಮೊಮ್ಮಗುವಿನ ಅಜ್ಜನೊಬ್ಬನು ಈ ಕೆಲಸವನ್ನು ಮಾಡಿದನೆಂಬುದು ನಮ್ಮಂಥ ಅಜ್ಜಂದಿರಿಗೆ ಸ್ವಲ್ಪ ಹೆಮ್ಮೆಯ ವಿಷಯವೇ ಸರಿ.

ಇನ್ನು ಈ ಮಡಿಕೆಯ ಗುಟ್ಟೇನೆಂಬುದನ್ನು ನೋಡೋಣ. ಪೇಟೆಯ ಹಳೆಯ ಅಂಗಡಿಗಳಿಗೆ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲುಗಳಿರುವುದನ್ನು ತಾವು ಬಲ್ಲಿರಿ. ಅದರ ಪಟ್ಟಿಗಳು ಒಂದರ ಮೇಲೊಂದು ಅಡ್ಡಡ್ಡಲಾಗಿ ಸೇರಿ, ನಡುವೆ ಒಂದು ಮೊಳೆಯ ಸುತ್ತ ತಿರುಗುತ್ತವೆ. ಕೂಸಿನ ಗಾಡಿಯ ಬೆನ್ನಿನಲ್ಲಿಯೂ ಆಸನದ ಕೆಳಗೂ ಇಂಥದೇ ಕತ್ತರಿಯಿರುತ್ತದೆ. 60 ಸೆಂಟಿಮೀಟರು ಉದ್ದದ ಎರಡು ಕೋಲುಗಳನ್ನು ನಟ್ಟನಡುವೆ ಸೇರಿಸಿದೆವೆಂದು ಭಾವಿಸೋಣ. ಅವುಗಳ ತುದಿಗಳು 48 ಸೆಂಟಿಮೀಟರು ಅಗಲಕ್ಕೆ ಹರಡಿದಾಗ ಕತ್ತರಿಯ ಎತ್ತರವು 36 ಸೆಂಟಿಮೀಟರು. ಅಗಲವನ್ನು 15 ಸೆಂಟಿಮೀಟರಿಗೆ ಇಳಿಸಿದರೆ ಎತ್ತರವು 58 ಸೆಂಟಿಮೀಟರಿಗೆ ಏರುತ್ತದೆ. ಆದುದರಿಂದ ಕತ್ತರಿಯ ಮಡಿಕೆಯಲ್ಲಿ ಅಗಲವು ಅಡಗುವುದು ಉದ್ದವಾಗಿ ಬೆಳೆದೇ ಹೊರತು ಸುಮ್ಮನೆ ಅಲ್ಲ. ಕೊಡೆಯಂತೆ ಮಡಿಸುವ ಗಾಡಿಯು ಸಣಕಲಾದರೂ ಉದ್ದವಾಗಿರುವುದಕ್ಕೆ ಇದೇ ಕಾರಣ. ಮೂಲೆಯಲ್ಲಿ ನಿಲ್ಲಿಸುವುದಕ್ಕೂ ಹೆಗಲಿಗೆ ತೂಗುಹಾಕುವುದಕ್ಕೂ ಅದು ಅನುಕೂಲ. ಬಸ್ಸಿನ ಆಸನದ ಕೆಳಗೆ ಇಡುವುದಕ್ಕೆ ಅನುಕೂಲವಲ್ಲ.

ಎರಡನೆಯ ಬಗೆಯ ಮಡಿಕೆಯು ಪುಸ್ತಕದಂಥದು. ಹಿಡಿಕೆಯು ಮುಂದಕ್ಕೆ ಬಾಗಿ ಮುಂಗಾಲಿಯ ಮೇಲೆ ಮಲಗುತ್ತದೆ. ಉದ್ದವು ಅರ್ಧವಾಗುತ್ತದೆ, ಅಗಲವು ಹಾಗೆಯೇ ಉಳಿಯುತ್ತದೆ. ಒಂದೇ ಕೈಯಿಂದ ಮಾಡುವುದಕ್ಕೆ ಇದು ಕತ್ತರಿಗಿಂತ ಸುಲಭ. ಮೂರನೆಯದು, ಉದ್ದವನ್ನು ಮೂರು ಪಾಲಾಗಿ ಮಡಿಸುವುದು. 2012ರಲ್ಲಿ ಫ್ರಾನ್ಸಿನ ಬೇಬಿಜೆನ್ ಸಂಸ್ಥೆಯು ಹೊರತಂದ ಯೋಯೋ ಎಂಬ ಗಾಡಿಯು ಮಡಿಸಿದಾಗ ಸುಮಾರು ಅರ್ಧ ಮೀಟರು ಉದ್ದದ ಪೆಟ್ಟಿಗೆಯಷ್ಟಾಗಿ, ವಿಮಾನದಲ್ಲಿ ತಲೆಯ ಮೇಲಣ ಗೂಡಿನಲ್ಲಿ ಇಡುವಂತಾಯಿತು. ಆದರೆ ಮಡಿಕೆ ಹೆಚ್ಚಿದಷ್ಟೂ ಕೀಲು ಹೆಚ್ಚು. ಕೀಲು ಹೆಚ್ಚಿದಷ್ಟೂ ಸಡಿಲ ಹೆಚ್ಚು, ಬೆಲೆಯೂ ಹೆಚ್ಚು. ರಚನೆಯ ಕೆಲಸದಲ್ಲಿ ಪುಕ್ಕಟೆಯಾಗಿ ದೊರೆಯುವ ಲಾಭವೆಂಬುದು ಇಲ್ಲ.

ಮಡಿಯುವುದು ತಾನಾಗಿ ಮಡಿಯಬಾರದಲ್ಲವೇ? ಅದಕ್ಕೆ ಉಪಾಯವನ್ನು ನಮ್ಮ ಮೊಣಕಾಲಿನಲ್ಲಿಯೇ ನೋಡಬಹುದು. ನೆಟ್ಟಗೆ ನಿಂತಾಗ ಮೊಣಕಾಲು ಪೂರ್ತಿಯಾಗಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ಆಗ ಮೈಯ ಭಾರವೇ ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಹಳ ಹೊತ್ತು ದಣಿವಿಲ್ಲದೆ ನಿಲ್ಲಬಲ್ಲೆವು. ಯಾರಾದರೂ ಹಿಂದಿನಿಂದ ಬಂದು ಮೊಣಕಾಲಿನ ಮಡಿಕೆಯನ್ನು ಮೆಲ್ಲನೆ ತಟ್ಟಿದರೆ, ಅದೇ ಭಾರವು ನಮ್ಮನ್ನು ಕುಸಿಯಿಸುತ್ತದೆ. ಗಾಡಿಯ ಅಡ್ಡಕೋಲಿನ ಕೀಲನ್ನೂ ಹೀಗೆಯೇ ಮಾಡಿರುತ್ತಾರೆ. ಅದನ್ನು ನೇರದ ಗೆರೆಯಿಂದ ಒಂದಿಷ್ಟು ಆಚೆಗೆ ಒತ್ತಿದರೆ ಕೂಸಿನ ಭಾರವೇ ಅದಕ್ಕೆ ಬೀಗವಾಗುತ್ತದೆ. ಒತ್ತುವುದು ಒಂದಂಗುಲ ಕಡಮೆಯಾದರೆ ಅದೇ ಭಾರವು ಬೀಗವನ್ನು ತೆರೆಯುತ್ತದೆ. ಆದ್ದರಿಂದಲೇ ಒಳ್ಳೆಯ ಗಾಡಿಗೆ ಇದರ ಜೊತೆಗೆ ಎರಡನೆಯದೊಂದು ಕೊಂಡಿಯೂ ಇರುತ್ತದೆ. ಮಡಿಸುವುದಕ್ಕೆ ಎರಡು ಬೇರೆ ಬೇರೆ ಕ್ರಿಯೆಗಳು ಬೇಕಾಗುತ್ತವೆ. ಕೂಸು ಆಡುತ್ತ ಒಂದು ಗುಂಡಿಯನ್ನು ಒತ್ತಿತೆಂದರೆ ಗಾಡಿಯು ಕುಸಿಯಕೂಡದು.

ಚೌಕಟ್ಟಿಗೆ ಕೊಳವೆಯೇ ಏಕೆ? ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ಖಾನಾಪುರದ ಕಾಡುಗಳ ಬಿದಿರೇ ಇದಕ್ಕೆ ಉತ್ತರ. ಬಿದಿರು ಟೊಳ್ಳಾಗಿರುವುದರಿಂದಲೇ ತೂಕಕ್ಕೆ ತಕ್ಕದ್ದಕ್ಕಿಂತ ಹೆಚ್ಚಾದ ಗಡಸು ಅದಕ್ಕುಂಟು. ಲೆಕ್ಕದಲ್ಲಿ ಹೇಳುವುದಾದರೆ, 20 ಮಿಲಿಮೀಟರು ದಪ್ಪದ, 1.5 ಮಿಲಿಮೀಟರು ಗೋಡೆಯ ಕೊಳವೆಯಲ್ಲಿರುವಷ್ಟೇ ಲೋಹದಿಂದ ಗಟ್ಟಿಯಾದ ಸರಳನ್ನು ಮಾಡಿದರೆ ಅದು ಹತ್ತೂವರೆ ಮಿಲಿಮೀಟರು ದಪ್ಪವಾಗುತ್ತದೆ. ಬಾಗುವಿಕೆಯನ್ನು ತಡೆಯುವುದರಲ್ಲಿ ಕೊಳವೆಯು ಆ ಸರಳಿಗಿಂತ ಆರು ಪಾಲು ಮೇಲು. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ತೂಗುತ್ತದೆ. ಆದರೆ ಅದರ ಗಡಸೂ ಮೂರನೆಯ ಒಂದು ಪಾಲೇ. ಆದುದರಿಂದ ಉಕ್ಕಿನ ಕೊಳವೆಯನ್ನು ತೆಗೆದು ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಯನ್ನು ಹಾಕಿದರೆ ಗಾಡಿಯು ಹಗುರವಾಗುತ್ತದೆ, ಆದರೆ ಬಳುಕುತ್ತದೆ. ಕೊಳವೆಯನ್ನು ಸ್ವಲ್ಪ ದಪ್ಪ ಮಾಡಿಕೊಂಡರೆ ಹಗುರವೂ ಗಟ್ಟಿಯೂ ಆಗುತ್ತದೆ. ಮೊಳೆಗಾಗಿ ತೂತು ಕೊರೆದ ಕಡೆಗಳೇ ಬಲಹೀನ ಸ್ಥಾನಗಳು. ಬಿರುಕು ಹುಟ್ಟುವುದು ಅಲ್ಲಿಯೇ.

ಇನ್ನು ಗಾಲಿಯ ಮಾತು. ನಮ್ಮ ಎತ್ತಿನ ಬಂಡಿಯ ಗಾಲಿಯು ಆಳೆತ್ತರಕ್ಕೆ ಹತ್ತಿರವಾಗಿರುವುದು ಅಲಂಕಾರಕ್ಕಲ್ಲ. ಗಾಲಿಯು ಸಣ್ಣದಾದಷ್ಟೂ ಅದಕ್ಕೆ ಕಲ್ಲು ದೊಡ್ಡದಾಗಿ ತೋರುತ್ತದೆ. ಗಾಡಿಯ ಮುಂಗಾಲಿಗಳ ಮೇಲೆ 6 ಕಿಲೋಗ್ರಾಂ ಭಾರವಿದೆಯೆನ್ನಿ. 15 ಸೆಂಟಿಮೀಟರು ಅಡ್ಡಳತೆಯ ಗಾಲಿಯನ್ನು 2 ಸೆಂಟಿಮೀಟರು ಎತ್ತರದ ಅಂಚಿನ ಮೇಲೆ ಹತ್ತಿಸುವುದಕ್ಕೆ ಸುಮಾರು ಐದೂವರೆ ಕಿಲೋಗ್ರಾಮಿನಷ್ಟು ನೂಕು ಬೇಕು. 30 ಸೆಂಟಿಮೀಟರಿನ ಗಾಲಿಗೆ ಮೂರೂವರೆ ಸಾಕು. ಅಂಚು 4 ಸೆಂಟಿಮೀಟರಾದರೆ ಚಿಕ್ಕ ಗಾಲಿಗೆ ಹನ್ನೊಂದಕ್ಕಿಂತ ಹೆಚ್ಚು, ದೊಡ್ಡದಕ್ಕೆ ಐದೂವರೆ. ಅಂಚು ಗಾಲಿಯ ಅರ್ಧದಷ್ಟು ಎತ್ತರವಾಗಿದ್ದರೆ ಎಷ್ಟು ಬಲವಾಗಿ ನೂಕಿದರೂ ಅದು ಏರದು, ಗಾಡಿಯೇ ಮುಗ್ಗರಿಸೀತು. ಟಿಳಕವಾಡಿಯ ರೈಲ್ವೆ ಗೇಟುಗಳಲ್ಲಿ ಹಳಿಗಳನ್ನು ದಾಟುವಾಗ ಈ ಲೆಕ್ಕವು ಅಂಗೈಗೆ ತಾನೇ ತಿಳಿಯುತ್ತದೆ. ಹಳಿಯ ಪಕ್ಕದ ಸಂದಿನಲ್ಲಿ ಚಿಕ್ಕ ಗಾಲಿಯು ಇಳಿದು ಸಿಕ್ಕಿಕೊಳ್ಳುವ ಭಯವೂ ಉಂಟು. ಅಂಥ ಕಡೆಗಳಲ್ಲಿ ನೂಕಬಾರದು. ಹಿಡಿಕೆಯನ್ನು ಕೆಳಕ್ಕೊತ್ತಿ ಮುಂಗಾಲಿಯನ್ನು ಎತ್ತಿ ದಾಟಿಸಬೇಕು, ಇಲ್ಲವೇ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ಎಳೆದುಕೊಂಡು ಹೋಗಬೇಕು. ಹಳಿಯನ್ನು ದಾಟುವಾಗಲಂತೂ ಕೂಸನ್ನು ಎತ್ತಿಕೊಳ್ಳುವುದೇ ಲೇಸು.

ದೊಡ್ಡ ಗಾಲಿಯು ದಾರಿಗೆ ಹಿತ, ಮಡಿಕೆಗೆ ವೈರಿ. ಹೀಗಾಗಿ ಪೇಟೆಯ ನಯವಾದ ನೆಲಕ್ಕೆ ಒಂದು ಗಾಡಿ, ಹಳ್ಳಿಯ ಮಣ್ಣಿನ ದಾರಿಗೆ ಇನ್ನೊಂದು ಎಂಬ ಭೇದವು ಅನಿವಾರ್ಯ. ಎರಡಕ್ಕೂ ಒಂದೇ ಬೇಕೆನ್ನುವವರು ಮುಂದೆ ಚಿಕ್ಕದೂ ಹಿಂದೆ ದೊಡ್ಡದೂ ಆದ ಗಾಲಿಗಳನ್ನು ಆರಿಸುವುದು ವಿವೇಕ. ಮುಂಗಾಲಿಯು ಸುತ್ತಲೂ ತಿರುಗುವಂಥದಾಗಿರುತ್ತದೆ. ಅದು ನೆಲವನ್ನು ಮುಟ್ಟುವ ಬಿಂದುವು ಅದರ ತಿರುಗುಗೂಟಕ್ಕಿಂತ ಸ್ವಲ್ಪ ಹಿಂದಿರುವುದರಿಂದ, ಕರುವು ಹಗ್ಗದ ಹಿಂದೆ ಬರುವಂತೆ ಗಾಡಿ ಹೋದ ಕಡೆಗೆ ತಾನೂ ತಿರುಗಿಕೊಳ್ಳುತ್ತದೆ. ಗೂಟವು ಸಡಿಲವಾದರೆ ವೇಗವಾಗಿ ಹೋಗುವಾಗ ಅದು ಅತ್ತಿತ್ತ ನಡುಗತೊಡಗುತ್ತದೆ. ಒರಟಾದ ದಾರಿಯಲ್ಲಿ ಅದನ್ನು ನೇರವಾಗಿ ಬಿಗಿದಿಡುವ ಕೊಂಡಿಯಿರುವುದು ಇದಕ್ಕಾಗಿಯೇ.

ಕೂಸಿನ ಗಾಡಿಯಲ್ಲಿ ಎರಡು ಅಪಾಯಗಳು ಮುಖ್ಯವಾದವು. ಮೊದಲನೆಯದು ಹಿಂದಕ್ಕೆ ಉರುಳುವುದು. ಗಾಡಿ 3 ಕಿಲೋಗ್ರಾಂ, ಕೂಸು 7 ಕಿಲೋಗ್ರಾಂ, ಎರಡರ ಒಟ್ಟು ಭಾರದ ಕೇಂದ್ರವು ಹಿಂಗಾಲಿಯ ಅಚ್ಚಿಗಿಂತ 12 ಸೆಂಟಿಮೀಟರು ಮುಂದಿದೆಯೆನ್ನೋಣ. ಹಿಡಿಕೆಯು ಅಚ್ಚಿಗಿಂತ 30 ಸೆಂಟಿಮೀಟರು ಹಿಂದಿದೆ. ಆ ಹಿಡಿಕೆಗೆ 4 ಕಿಲೋಗ್ರಾಂ ತರಕಾರಿಯ ಚೀಲವನ್ನು ತೂಗುಹಾಕಿದೆವೆಂದರೆ ತಕ್ಕಡಿಯು ಸಮವಾಯಿತು. ಇನ್ನೆರಡು ಬದನೆಕಾಯಿ ಹೆಚ್ಚಾದರೆ, ಅಥವಾ ಕೂಸು ಹಿಂದಕ್ಕೆ ಒರಗಿದರೆ, ಗಾಡಿಯು ಬೆನ್ನಮೇಲೆ ಬೀಳುತ್ತದೆ. ಗಾಡಿಯು ಹಗುರವಾದಷ್ಟೂ ಈ ಅಪಾಯವು ಹೆಚ್ಚು. ಸಂತೆಯ ಚೀಲಕ್ಕೆ ಯೋಗ್ಯವಾದ ಸ್ಥಳವು ಆಸನದ ಕೆಳಗಿನ ಬುಟ್ಟಿ. ಅಲ್ಲಿಟ್ಟ ಭಾರವು ಗಾಡಿಯನ್ನು ಉರುಳಿಸುವುದಕ್ಕೆ ಬದಲಾಗಿ ನೆಲಕ್ಕೆ ಹಿಡಿದು ನಿಲ್ಲಿಸುತ್ತದೆ.

ಎರಡನೆಯದು ಕೀಲಿನಲ್ಲಿ ಬೆರಳು ಸಿಕ್ಕಿಕೊಳ್ಳುವುದು. ಇದನ್ನು ಹೇಳುವಾಗ ಮತ್ತೆ ನಮ್ಮ ಖಾನಾಪುರದ ದಿನವು ನೆನಪಾಗುತ್ತದೆ. ನೆಂಟರ ಮನೆಯ ಜಗಲಿಯ ಮೇಲೆ ಗಾಡಿಯನ್ನು ಬಿಡಿಸುತ್ತಿದ್ದಾಗ, ನಾಲ್ಕು ವರ್ಷದ ಹುಡುಗನೊಬ್ಬನು ಕುತೂಹಲದಿಂದ ಕೋಲುಗಳ ನಡುವೆ ಕೈಯಿಟ್ಟನು. ನಾವು ನೋಡಲಿಲ್ಲ. ಅವನ ಕೂಗು ಕೇಳಿ ಕೈಬಿಟ್ಟುದರಿಂದ ಉಗುರು ಕಪ್ಪಾದದ್ದಷ್ಟೇ ಹೊರತು ಬೇರೆ ಕೇಡಾಗಲಿಲ್ಲ. ಆದರೆ ಎಲ್ಲ ಮಕ್ಕಳೂ ಅಷ್ಟಕ್ಕೆ ಪಾರಾಗಲಿಲ್ಲ. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಸಂಸ್ಥೆಯ ಸುಮಾರು ಹತ್ತು ಲಕ್ಷ ಗಾಡಿಗಳ ವಿಚಾರದಲ್ಲಿ ಪ್ರಕಟಣೆ ಹೊರಟಿತು. ಹನ್ನೆರಡು ಮಕ್ಕಳ ಬೆರಳಿನ ತುದಿಗಳು ಕೀಲಿನಲ್ಲಿ ಕತ್ತರಿಸಿಹೋಗಿದ್ದುದು ಅದಕ್ಕೆ ಕಾರಣ. ಪರಿಹಾರವಾಗಿ ಕೀಲಿಗೆ ತೊಡಿಸುವ ಬಟ್ಟೆಯ ಮುಸುಕುಗಳನ್ನು ಹಂಚಿದರು. ಒಂದು ಅಂಗುಲ ಬಟ್ಟೆಯ ಮಾತು! ಕತ್ತರಿಯ ಮಡಿಕೆಯು ಅಡಕತ್ತರಿಯ ತತ್ತ್ವದ್ದೇ ಎಂಬುದನ್ನು ರಚಿಸುವವರೂ ಬಳಸುವವರೂ ಮರೆಯಕೂಡದು. ಚಲಿಸುವ ಎರಡು ಭಾಗಗಳ ನಡುವಣ ಸಂದು ಒಂದೋ ಬೆರಳು ಹೋಗದಷ್ಟು ಕಿರಿದಾಗಿರಬೇಕು, ಇಲ್ಲವೇ ಸಿಕ್ಕಿಕೊಳ್ಳದಷ್ಟು ಅಗಲವಾಗಿರಬೇಕು. ಎರಡೂ ಸಾಧ್ಯವಾಗದಿದ್ದರೆ ಮುಚ್ಚಿರಬೇಕು. ಮಡಿಸುವಾಗಲೂ ಬಿಡಿಸುವಾಗಲೂ ಮನೆಯ ಎಲ್ಲ ಮಕ್ಕಳನ್ನೂ ಕೈಗೆಟುಕದಷ್ಟು ದೂರ ನಿಲ್ಲಿಸುವುದು ನಮ್ಮ ಮನೆಯಲ್ಲಿ ಅಂದಿನಿಂದ ನಿಯಮವಾಗಿದೆ.

ಇದಲ್ಲದೆ ಕೂಸಿನ ವಯಸ್ಸನ್ನೂ ಗಮನಿಸಬೇಕು. ಕತ್ತಿನ ಬಲ ಇನ್ನೂ ಬಾರದ ಎಳೆಗೂಸನ್ನು ನೆಟ್ಟಗಿನ ಆಸನದಲ್ಲಿ ಕೂರಿಸಬಾರದು. ತಲೆ ಮುಂದಕ್ಕೆ ಬಾಗಿದರೆ ಉಸಿರಾಟಕ್ಕೆ ಅಡಚಣೆಯಾಗುತ್ತದೆ. ಮೊದಲ ಆರು ತಿಂಗಳು ಸಮತಟ್ಟಾಗಿ ಮಲಗಿಸತಕ್ಕ ಗಾಡಿಯೇ ಬೇಕು. ಕುಳ್ಳಿರಿಸಿದ ಕೂಸಿಗೆ ಎರಡು ಹೆಗಲು, ಎರಡು ಸೊಂಟ, ಕಾಲ್ನಡುವೆ ಒಂದು, ಹೀಗೆ ಐದು ಕಡೆಯಿಂದ ಬಂದು ಸೇರುವ ಪಟ್ಟಿಯು ಅಗತ್ಯ. ಬಿಸಿಲಿಗೆಂದು ಗಾಡಿಯ ಮೇಲೆ ದಟ್ಟವಾದ ಬಟ್ಟೆಯನ್ನು ಹೊದಿಸುವುದನ್ನು ಅನೇಕರು ಮಾಡುತ್ತಾರೆ. ಗಾಳಿ ಆಡದೆ ಒಳಗೆ ಶಾಖವು ಹೊರಗಿಗಿಂತಲೂ ಹೆಚ್ಚಾಗುತ್ತದೆ. ನೆರಳಿಗೆ ಮೇಲಿನ ಚಾವಣಿಯೇ ಸಾಕು. ಇನ್ನು, ಕೂಸನ್ನು ನಡುವೆ ನಿಲ್ಲಿಸಿ ಅದರ ಕಾಲಿನಿಂದಲೇ ಓಡಿಸುವ ಗಾಲಿಯ ಚೌಕಟ್ಟುಗಳು ಬೇರೆ ಜಾತಿಯವು. ಮೆಟ್ಟಿಲಿನಿಂದ ಉರುಳುವ ಅಪಘಾತಗಳ ದೆಸೆಯಿಂದ ಕೆನಡಾ ದೇಶವು 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಕೂಸು ತಾನೇ ನಿಂತು ಹಿಡಿದು ತಳ್ಳುವ ನಮ್ಮ ಹಳೆಯ ಮೂರು ಗಾಲಿಯ ಮರದ ಬಂಡಿಯು ಇದಕ್ಕಿಂತ ಮೇಲು. ನಡೆಯುವುದು ಅಲ್ಲಿ ಕೂಸೇ ಹೊರತು ಗಾಲಿಯಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಇಂಥ ಗಾಡಿಯನ್ನು ದೂರದೇಶದಿಂದಲೇ ತರಿಸಬೇಕೇ ಎಂಬ ಪ್ರಶ್ನೆಯು ಏಳುವುದು ಸಹಜ. ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಮನೆಗಳೂ ಯಂತ್ರದ ಭಾಗಗಳನ್ನು ಕಡೆಯುವ ಕಾರ್ಖಾನೆಗಳೂ ಸಾಲುಗಟ್ಟಿವೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಅಲ್ಯೂಮಿನಿಯಂ ಲೋಹಕ್ಕೆ ಮೂಲವಾದ ಅಲ್ಯೂಮಿನದ ಕಾರ್ಖಾನೆಯೂ ಈ ನಗರದಲ್ಲಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ 1998ರಿಂದ ಇದೇ ನೆಲೆ. ವಿಮಾನದ ಕಾಲನ್ನು ರಚಿಸಿದ ಕೈಯೇ ಕೂಸಿನ ಗಾಡಿಯನ್ನೂ ರಚಿಸಿತೆಂಬುದನ್ನು ಮೇಲೆ ಕಂಡೆವು. ಅಂಥ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು; ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯು ಅಲ್ಲಿದೆ. ಮಡಕೆಗಳನ್ನು ಬಂಡಿಯಲ್ಲಿ ಸಾಗಿಸುವ ಕುಂಬಾರನು ಹುಲ್ಲಿನ ಹಾಸನ್ನು ಯಾವ ಲೆಕ್ಕದಲ್ಲಿ ಹಾಕುತ್ತಾನೋ ಅದೇ ಲೆಕ್ಕದಲ್ಲಿ ಗಾಡಿಯ ಆಸನವನ್ನು ತೂಗುಹಾಕಬೇಕಲ್ಲವೇ? ಬೇಕಾದದ್ದು ಇಷ್ಟೇ: ರಚಿಸುವವನು ಒಂದು ದಿನ ಕೂಸನ್ನು ಎತ್ತಿಕೊಂಡು, ಚೀಲವನ್ನು ಹಿಡಿದು, ಮಳೆಯಲ್ಲಿ ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರಬೇಕು. ಆಮೇಲೆ ಕಾಗದದ ಮೇಲೆ ಗೆರೆಯನ್ನು ಎಳೆಯಬೇಕು.

ಈ ವಿದ್ಯೆಯಿಂದ ಹೆಚ್ಚಿನ ಉಪಕಾರವಾಗತಕ್ಕವರು ಇನ್ನೊಬ್ಬರಿದ್ದಾರೆ. ಹುಟ್ಟಿನಿಂದಲೇ ಕೈಕಾಲುಗಳು ಸ್ವಾಧೀನವಿಲ್ಲದ ಮಕ್ಕಳು ಐದು, ಎಂಟು, ಹತ್ತು ವರ್ಷದವರಾದರೂ ಅವರನ್ನು ತಾಯಂದಿರು ಹೊತ್ತೇ ಆಸ್ಪತ್ರೆಗೆ ತರುತ್ತಾರೆ. ಕೂಸಿನ ಭಾರವು ಕೆಲವು ವರ್ಷಗಳದು. ಈ ಭಾರವಾದರೋ ಬೆಳೆಯುತ್ತಲೇ ಹೋಗುವಂಥದು. 20 ಕಿಲೋಗ್ರಾಂ ತೂಗುವ ಮಗುವನ್ನು ಕತ್ತು ಬೆನ್ನುಗಳಿಗೆ ಆಸರೆ ಕೊಟ್ಟು ಕೂರಿಸಿ, ಬಸ್ಸು ಬಂದಾಗ ಮಡಿಸಿಡಬಹುದಾದ ಗಟ್ಟಿಯಾದ ಗಾಡಿಯು ಸುಲಭ ಬೆಲೆಗೆ ದೊರೆತರೆ ಅಂಥ ಒಂದು ಮನೆಯ ದಿನಚರಿಯೇ ಬದಲಾಗುತ್ತದೆ. ಎಷ್ಟೋ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯುತ್ತದೆ.

ಕೊಳ್ಳುವವರಿಗೆ ನಮ್ಮ ಸೂಚನೆಗಳು ಸ್ವಲ್ಪವೇ. ಅಂಗಡಿಯಲ್ಲಿ ಗಾಡಿಯನ್ನು ಕೂಸಿಲ್ಲದೆ ತಳ್ಳಿ ನೋಡಿ ಮೆಚ್ಚಬೇಡಿರಿ. ಕೂಸಿನಷ್ಟು ತೂಕದ ಅಕ್ಕಿಯ ಚೀಲವನ್ನು ಅದರಲ್ಲಿಟ್ಟು ತಳ್ಳಿರಿ. ಒಂದು ತೋಳಿನಲ್ಲಿ ಆ ಚೀಲವನ್ನೇ ಎತ್ತಿಕೊಂಡು, ಇನ್ನೊಂದು ಕೈಯಿಂದ ಮಡಿಸಿರಿ, ಬಿಡಿಸಿರಿ. ಬೀಗ ಬಿದ್ದ ಶಬ್ದವು ಕೇಳುವುದೇ ಎಂದು ಕಿವಿಗೊಡಿರಿ. ಕೀಲುಗಳಿಗೆ ಮುಸುಕುಂಟೇ ಎಂದು ಬೆರಳಾಡಿಸಿ ಅಲ್ಲ, ಕಣ್ಣಿನಿಂದ ಪರೀಕ್ಷಿಸಿರಿ. ಇಳಿಜಾರಿನಲ್ಲಿ ತಡೆಯನ್ನು ಹಾಕಿ ಕೈಬಿಟ್ಟು ನೋಡಿರಿ. ಇಷ್ಟರಲ್ಲಿ ಉತ್ತೀರ್ಣವಾದ ಗಾಡಿಯು ಯಾವ ಬಣ್ಣದ್ದಾದರೂ ಚಿಂತೆಯಿಲ್ಲ.

ನಮ್ಮ ಆ ಮೊದಲಿನ ಗಾಡಿಯು ಈಗ ಅಟ್ಟದ ಮೇಲಿದೆ. ಮೊಮ್ಮಗಳು ತನ್ನ ಕಾಲಿನಿಂದಲೇ ಖಾನಾಪುರದ ಕೆಸರನ್ನು ತುಳಿಯುವಷ್ಟು ದೊಡ್ಡವಳಾಗಿದ್ದಾಳೆ. ಬಸ್ ನಿಲ್ದಾಣಗಳಲ್ಲಿ ಮಾತ್ರ ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ತಾಯಂದಿರು ಹಾಗೆಯೇ ನಿಂತಿದ್ದಾರೆ. ಅವರಿಗೆ ಒಂದು ಕೈ ಬಿಡುವಾಗುವಂತೆ ಮಾಡುವುದು ಎಂಜಿನಿಯರರ ಕೆಲಸ. ಅದು ಆಗುವವರೆಗೆ, ಪಕ್ಕದಲ್ಲಿ ನಿಂತ ನಾವು ನೀವು, ಅಂದು ನಮ್ಮ ಕೂಸನ್ನು ಎತ್ತಿಕೊಂಡ ಆ ಪುಣ್ಯಾತ್ಮಳಂತೆ, ಒಂದು ನಿಮಿಷ ಕೈಚಾಚಿದರೆ ಸಾಕು.